ಮೂವತ್ತೇಳನೆಯ ಎಲುಬು

ವನದುರ್ಗ
೯ ನವೆಂಬರ್ ೧೯೯೭

ಮಗಳೇ ಮೋನಮ್ಮ,

ನಿನ್ನ ಅಪ್ಪ ಚಂದ್ರಾಮಪ್ಪನ ಆಶೀರ್ವಾದ. ನಾನು ಆರಾಮಿದ್ದೇನೆ, ಮೊಣಕಾಲು ಮಾತ್ರ ಈಗೀಗ ನನ್ನ ಮಾತು ಕೇಳುವುದಿಲ್ಲ.

ನೀನು ಹಚ್ಚಿಕೊಟ್ಟ ನೌಕರಿ ಸುರುವಾಗಿ ಇಪ್ಪತ್ತು ದಿನ ಆಯಿತು. ನಿಮ್ಮ ಸಂಸ್ಥೆಯ ಸಾಹೇಬರು ಬೂದಿದಿಬ್ಬದ ಮಗ್ಗುಲಿಗೆ ಡೇರೆ ಹಾಕಿದ್ದಾರೆ. ಹೊಸ ಮರಿಗಾಲುವೆ ಆ ದಿಬ್ಬದ ಮೇಲೆಯೇ ಹಾಯಬೇಕಂತೆ, ಅದಕ್ಕೆ ಮುಂಚೆ ಒಳಗೆ ಏನಿದೆ ಎಂದು ನೋಡಿಬಿಡಬೇಕಂತೆ. ಮೂರು ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಟ್ಟುತ್ತಿದ್ದರು, ಸಗಣಿ ಸುಟ್ಟು ಸುಟ್ಟು ಈ ದಿಬ್ಬ ಆಯಿತು ಎಂದು ಸಾಹೇಬರು ಹೇಳಿದಾಗ ಊರಿಗೆ ಊರೇ ನಕ್ಕಿತು. ಸಗಣಿ ನೋಡಲಿಕ್ಕೆ ಪುಣೆಯಿಂದ ಜೀಪು ಮಾಡಿಕೊಂಡು ಬಂದ ಮಂದಿಯನ್ನು ನಮ್ಮೂರು ಇದೇ ಮೊದಲು ಕಂಡದ್ದು.

ಅಗೆದಾಗ ಬಂದ ಎಲುಬುಗಳ ಉಸ್ತುವಾರಿ ನನ್ನದು. ಒಣ ಬ್ರಶ್ಶಿನಿಂದ ಮಣ್ಣು ಜಾಡಿಸಬೇಕು, ನಂಬರಿನ ಚೀಟಿ ಕಟ್ಟಬೇಕು, ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ಸಾಹೇಬರು ನನ್ನ ಅಕ್ಷರ ಮೆಚ್ಚಿಕೊಂಡರು. ಕಾಲುವೆ ಕೆಲಸದಲ್ಲಿ ಹಾಜರಿ ಪುಸ್ತಕ ಬರೆದ ಕೈ ಅಲ್ಲವೇ, ಸುಮ್ಮನೆ ಹೋಗುತ್ತದೆಯೇ. ಮೊದಲು ಅವರು ದಿಬ್ಬದ ಪಡುವಣ ಬದಿಗೆ ಹಗ್ಗ ಹಿಡಿದಿದ್ದರು. ಅಲ್ಲಿ ಹುತ್ತ ಇದ್ದ ಜಾಗ, ಆಳುಗಳು ಗುದ್ದಲಿ ಹಾಕುವುದಿಲ್ಲ ಎಂದು ನಾನೇ ತಿಳಿಸಿ ಹೇಳಿ ಮೂಡಣಕ್ಕೆ ಹೊರಳಿಸಿದೆ.

ಅಡುಗೆ ಸಾಯಬಮ್ಮನದು. ಡೇರೆಯ ಮಂದಿ ಅವಳ ರೊಟ್ಟಿಗೆ ಮರುಳಾಗಿದ್ದಾರೆ. ಮೊನ್ನೆ ಭಜನಾ ಮೇಳದ ಹಾರ್ಮೋನಿಯಂ ಒಡೆದಿತ್ತು, ಜೋಡಿಸಿ ಕೊಡೋಣವೆಂದು ಒಲೆಯ ಮೇಲೆ ಸರೇಸು ಕುದಿಯಲಿಕ್ಕಿಟ್ಟೆ. ಆ ಚರ್ಮದ ಅಂಟಿನ ವಾಸನೆಗೆ ಸಾಯಬಮ್ಮ ಗೋಡೆಯ ಆಚೆಯಿಂದ ಒಂದು ತಾಸು ಬೈದಳು. ಹುಡುಗನಿದ್ದಾಗ ರಂಗಂಪೇಟೆಯ ಪಟ ಬರೆಯುವವರ ಮನೆಯಲ್ಲಿ ಕಲಿತ ವಿದ್ಯೆ, ಬಿಡು ಎಂದರೆ ಹೇಗೆ ಬಿಡಲಿ?

ಒಂದು ಮಾತು ಕೇಳುತ್ತೇನೆ. ನಿನ್ನ ಆ ಯಂತ್ರ ಎಲುಬು ನೋಡಿ ಇವನು ಯಾರು, ಹೇಗೆ ಸತ್ತ ಎಂದು ಹೇಳುತ್ತದೆಯೇ? ನನಗಲ್ಲ, ಊರ ಮಂದಿ ಕೇಳುತ್ತಾರೆ.

ನಿನ್ನ ಅಪ್ಪ
ಚಂದ್ರಾಮಪ್ಪ


ಪುಣೆ
೨ ಡಿಸೆಂಬರ್ ೧೯೯೭

ಅಪ್ಪಾ,

ಮೋನಮ್ಮಳ ನಮಸ್ಕಾರ. ಪೆಟ್ಟಿಗೆ ಬಂತು. ಮುಚ್ಚಳ ತೆಗೆದ ಕೂಡಲೇ ನಿನ್ನ ಅಕ್ಷರ ಕಂಡು ನಕ್ಕೆ. ನಾಲ್ಕು ಸಾವಿರ ವರ್ಷದ ಎತ್ತಿನ ದವಡೆಗೂ ನೀನು ಹಾಜರಿ ಹಾಕಿದ್ದೀ.

ಊರ ಮಂದಿಗೆ ಹೀಗೆ ಹೇಳು. ಒಲೆಯ ಮುಂದೆ ಕೂತರೆ ಮುಖಕ್ಕೆ ಝಳ ತಾಗುತ್ತದಲ್ಲ, ಕಣ್ಣಿಗೆ ಕಾಣುವುದಿಲ್ಲ, ನಮ್ಮ ಯಂತ್ರದ ಬೆಳಕು ಆ ಜಾತಿಯದು. ಇನ್‌ಫ್ರಾರೆಡ್ ಎನ್ನುತ್ತಾರೆ. ಎಲುಬಿನ ಮೇಲಿಂದ ಎಳ್ಳುಕಾಳಿನಷ್ಟು ಪುಡಿ ಕೆರೆದು, ಒಂದು ಥರದ ಉಪ್ಪಿನ ಜೊತೆ ಅರೆದು, ಬಿಲ್ಲೆ ಒತ್ತಿ ಆ ಬೆಳಕಿಗೆ ಹಿಡಿಯುತ್ತೇವೆ. ಕಾಗದದ ಮೇಲೆ ಗೆರೆ ಮೂಡುತ್ತದೆ. ಎಲುಬಿನಲ್ಲಿ ಕಲ್ಲಿನ ಅಂಶ ಒಂದು, ಕೊಲಾಜೆನ್ ಎಂಬ ಸತ್ವ ಒಂದು. ಸತ್ತ ಮೇಲೆ ಕಲ್ಲು ಉಳಿಯುತ್ತದೆ, ಸತ್ವ ವರ್ಷ ವರ್ಷ ಕರಗಿ ಹೋಗುತ್ತದೆ. ಸತ್ವ ಉಳಿದ ಎಲುಬು ಸಿಕ್ಕರೆ ಮಾತ್ರ ಮುಂದಿನ ದೊಡ್ಡ ಪರೀಕ್ಷೆಗೆ ಕಳಿಸಿ ವಯಸ್ಸು ತಿಳಿಯಬಹುದು. ಯಾರು, ಹೇಗೆ ಸತ್ತ ಎಂಬುದೆಲ್ಲ ಯಂತ್ರಕ್ಕೆ ಗೊತ್ತಿಲ್ಲ. ನಮ್ಮ ಕಡೆಯ ಬಿಸಿಲಿಗೆ ಅಷ್ಟು ಹಳೆಯ ಸತ್ವ ಉಳಿಯುವುದೇ ಕಷ್ಟ. ಇಲ್ಲಿಯ ತನಕ ಮೂವತ್ತು ಎಲುಬು ನೋಡಿದೆ, ಮೂವತ್ತೂ ಬರೀ ಕಲ್ಲು.

ಪಂಚಮಿಗೆ ಬಂದಾಗ ಸಾಯಬಮ್ಮ ಚಿಗವ್ವ ಮತ್ತೆ ಅದೇ ಮಾತು ಎತ್ತಿದಳು. ಪುಣೆಯಲ್ಲಿ ನಮ್ಮ ಕಡೆಯ ಮಂದಿ ಕಟ್ಟಡದ ಕೆಲಸಕ್ಕೆ ಬಂದಿರುತ್ತಾರೆ, ಅವರೊಳಗೆ ಮಲ್ಕಪ್ಪ ಇದ್ದಾನೇನೋ ವಿಚಾರಿಸು ಎಂದಳು. ಗಂಡ ಎಲ್ಲಿಯೋ ಬೇರೆ ಸಂಸಾರ ಹೂಡಿದ್ದಾನೆ ಎಂದು ಊರೆಲ್ಲ ಆಡಿಕೊಂಡಿತು, ಕೈಹಿಡಿದವನನ್ನು ಹಿಡಿದಿಟ್ಟುಕೊಳ್ಳಲು ಬರಲಿಲ್ಲ ಎಂದು ಅವಳ ಮೇಲೆಯೇ ಹೊರಿಸಿತು. ಹದಿನಾಲ್ಕು ವರ್ಷ ಆಗುತ್ತ ಬಂತು, ಇನ್ನೂ ಕಾಯುತ್ತಾಳೆ. ಅವ್ವ ತೀರಿಕೊಂಡಾಗ ನನಗೆ ಹನ್ನೊಂದು. ತಲೆ ಬಾಚಿ ಶಾಲೆಗೆ ಕಳಿಸಿದವಳು ಚಿಗವ್ವ. ಆ ಮನುಷ್ಯ ನನ್ನ ಕೈಗೆ ಸಿಗಲಿ, ನಾನೇ ಎರಡು ಮಾತು ಕೇಳುತ್ತೇನೆ. ಭಾನುವಾರ ಆ ಕೂಲಿಯವರು ಇರುವ ಎರಡು ವಸತಿಗೆ ಹೋಗಿ ಬಂದೆ, ಯಾರಿಗೂ ಗೊತ್ತಿಲ್ಲ.

ನಿನ್ನ
ಮೋನಮ್ಮ


ವನದುರ್ಗ
೨೧ ಡಿಸೆಂಬರ್ ೧೯೯೭

ಮೋನಮ್ಮ,

ಎರಡನೆಯ ಪೆಟ್ಟಿಗೆ ನಿನ್ನೆ ಶಹಾಪುರದಿಂದ ಪಾರ್ಸೆಲ್ ಮಾಡಿದೆ. ಮೂವತ್ತೊಂದರಿಂದ ನಲವತ್ತರ ತನಕ.

ನಾನು ಒಂದು ದಿನ ಸುರಪುರಕ್ಕೆ ಹೋಗಿದ್ದೆ. ತಿರುಗಿ ಬರುವುದರೊಳಗೆ ಸಾಹೇಬರು ಹೊಂಡವನ್ನು ಪಡುವಣಕ್ಕೆ ಆರು ಮೊಳ ಬೆಳೆಸಿದ್ದರು. ಹುತ್ತ ಕಾಣಲಿಲ್ಲ, ಆಳುಗಳೂ ಏನೂ ಅನ್ನಲಿಲ್ಲ ಎಂದರು. ಆ ಬದಿಯಿಂದ ಮನುಷ್ಯನ ತೊಡೆಯ ಎಲುಬು ಬಂದಿದೆ, ಮೂವತ್ತೇಳನೆಯದು. ಇನ್ನು ಆ ಕಡೆ ಹೋಗಬೇಡಿರಿ ಎಂದು ಕೈಮುಗಿದು ಹೇಳಿದ್ದೇನೆ. ಕಾಲುವೆಯ ಮಂದಿ ಅವಸರ ಮಾಡುತ್ತಿದ್ದಾರೆ, ಆದ್ದರಿಂದ ಸದ್ಯ ನಿಲ್ಲಿಸಿದ್ದಾರೆ.

ಮಲ್ಕಪ್ಪನನ್ನು ಹುಡುಕುತ್ತ ಆ ವಸತಿ ಈ ವಸತಿ ಎಂದು ತಿರುಗಬೇಡ. ಒಬ್ಬಳೇ ಹೆಣ್ಣುಮಗಳು. ಹೋದವರು ಹೋದರು. ಸಾಯಬಮ್ಮನಿಗೂ ಅದನ್ನೇ ಹೇಳು, ನಾನು ಹೇಳಿದರೆ ಕೇಳುವುದಿಲ್ಲ.

ನಿನ್ನ ಅಪ್ಪ


ಪುಣೆ
೨೦ ಜನವರಿ ೧೯೯೮

ಅಪ್ಪಾ,

ಇದನ್ನು ಎಸ್‌ಟಿಡಿ ಬೂತಿನಲ್ಲಿ ನಿಂತು ಹೇಳಲು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಓದಿದ ಮೇಲೆ ಯಾರಿಗೂ ಹೇಳಬೇಡ.

ಮೂವತ್ತೇಳನೆಯ ಎಲುಬಿನಲ್ಲಿ ಸತ್ವ ಇದೆ. ಇದೆ ಎಂದರೆ ಸ್ವಲ್ಪ ಅಲ್ಲ. ಗೆರೆ ಎರಡು ಕಡೆ ಎಷ್ಟು ಜೋರಾಗಿ ಎದ್ದಿತೆಂದರೆ ನಾನೇ ತಪ್ಪು ಬಿಲ್ಲೆ ಇಟ್ಟೆನೇನೋ ಎಂದುಕೊಂಡೆ. ಮತ್ತೆ ಕೆರೆದೆ, ಮತ್ತೆ ಅದೇ ಗೆರೆ. ಮೂರನೆಯ ಸಲ ನಮ್ಮ ಪ್ರಯೋಗಾಲಯದ ಮೇಡಂ ಪಕ್ಕದಲ್ಲಿ ನಿಂತರು. ಅವರು ಬಹಳ ಹೊತ್ತು ಕಾಗದ ನೋಡಿ, ಇದು ಸಾವಿರ ವರ್ಷದ್ದಲ್ಲ, ನೂರು ವರ್ಷದ್ದೂ ಅಲ್ಲ ಎಂದರು. ಹತ್ತೋ ಇಪ್ಪತ್ತೋ ವರ್ಷದ ಹಿಂದೆ ಹೂತ ಮನುಷ್ಯ.

ಸ್ಮಶಾನವಲ್ಲದ ಜಾಗದಲ್ಲಿ ಈಚಿನ ಮನುಷ್ಯನ ಎಲುಬು ಸಿಕ್ಕರೆ ಪೊಲೀಸರಿಗೆ ತಿಳಿಸಲೇಬೇಕಂತೆ. ಇನ್ನೊಂದು ಪರೀಕ್ಷೆ ಮಾಡಿ, ಫೆಬ್ರವರಿ ಹದಿನಾಲ್ಕರ ಒಳಗೆ ಪತ್ರ ಹಾಕುತ್ತಾರೆ. ನನಗೆ ಹೆದರಿಕೆಯಾಗಿದೆ ಅಪ್ಪಾ. ನಾನು ಆ ಎಲುಬನ್ನು ಹದಿನೈದು ದಿನದಿಂದ ಬರಿಗೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದೆ, ಪಕ್ಕದಲ್ಲೇ ಚಹಾದ ಕಪ್ಪು. ಈಗ ಆ ಕೋಣೆಗೆ ಒಬ್ಬಳೇ ಹೋಗಲು ಮನಸ್ಸಾಗುವುದಿಲ್ಲ.

ದಿಬ್ಬದಲ್ಲಿ ಯಾರನ್ನಾದರೂ ಮಣ್ಣು ಮಾಡಿದ್ದು ನಿನಗೆ ನೆನಪಿದೆಯೇ? ಪ್ಲೇಗೋ ಕಾಲರಾವೋ ಬಂದಾಗ? ಇದ್ದರೆ ಕೂಡಲೇ ಬರೆ, ಮೇಡಂಗೆ ತೋರಿಸುತ್ತೇನೆ.

ಮೋನಮ್ಮ


ವನದುರ್ಗ
೨೬ ಜನವರಿ ೧೯೯೮

ಮೋನಮ್ಮ,

ಪತ್ರ ಮುಟ್ಟಿತು. ದಿಬ್ಬದಲ್ಲಿ ಯಾರನ್ನೂ ಮಣ್ಣು ಮಾಡಿಲ್ಲ. ನನಗೆ ಏನೂ ಗೊತ್ತಿಲ್ಲ.

ಯಂತ್ರ ಎಂದ ಮೇಲೆ ತಪ್ಪುವುದು ಇದ್ದದ್ದೇ. ನಮ್ಮ ಹಿಟ್ಟಿನ ಗಿರಣಿ ವಾರಕ್ಕೆರಡು ಸಲ ಕೆಡುತ್ತದೆ. ಅಲ್ಲದೆ ನಿನ್ನ ಹತ್ತಿರ ನಲವತ್ತು ಎಲುಬು ಇವೆ, ನಲವತ್ತೂ ಒಂದೇ ಬಣ್ಣದವು. ಒಂದರ ಚೀಟಿ ಇನ್ನೊಂದಕ್ಕೆ ಹೋಗಿದ್ದರೆ ಯಾರಿಗೆ ತಿಳಿಯುತ್ತದೆ? ಸಾಮಾನು ಕಳೆಯುವುದೂ ಉಂಟು. ಪುಣೆಯಂಥ ಊರಿನಲ್ಲಿ ಒಂದು ಎಲುಬು ಎಲ್ಲಿ ಹೋಯಿತೆಂದು ಯಾರು ಹುಡುಕುತ್ತಾರೆ. ವಿಚಾರ ಮಾಡು. ಪೊಲೀಸರು ಬಂದರೆ ಮೊದಲು ಹಿಡಿಯುವುದು ಬಡವರನ್ನು, ಅದರೊಳಗೆ ಆಳುಗಳಿದ್ದಾರೆ, ಸಾಯಬಮ್ಮ ಇದ್ದಾಳೆ.

ನನಗೆ ಊಟ ಸೇರುತ್ತಿಲ್ಲ. ನಿನ್ನ ಚಿಗವ್ವ ಜ್ವರವೆಂದು ಹಣೆ ಮುಟ್ಟಿ ನೋಡಿ ಗಂಜಿ ಕಾಸಿ ತಂದಿಟ್ಟಳು.

ಅಪ್ಪ


ಪುಣೆ
೧ ಫೆಬ್ರವರಿ ೧೯೯೮

ಅಪ್ಪಾ,

ಕಳೆದುಬಿಡು ಎಂದು ನೀನು ನನಗೆ ಬರೆಯುತ್ತೀ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಅಕ್ಷರ ಅಳಿಸಿದವನಲ್ಲ ನಮ್ಮಪ್ಪ ಎಂದು ನಾನು ಇಲ್ಲಿ ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದೇನೆ.

ಎರಡು ದಿನದಿಂದ ನಿದ್ದೆ ಇಲ್ಲ. ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಾನು ಸಣ್ಣವಳಿದ್ದಾಗ ಕುಳ್ಳು ಆರಿಸಲು ಆ ದಿಬ್ಬದ ಪಡುವಣ ಬದಿಗೆ ದಿನಾ ಹೋಗುತ್ತಿದ್ದೆ. ಅಲ್ಲಿ ಹುತ್ತ ಇರಲೇ ಇಲ್ಲ. ಆಮೇಲೆ ಒಂದು ದಿನ ನೀನೇ, ಇನ್ನು ಆ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಗದರಿಸಿದೆ. ಅದು ಅವ್ವ ಸತ್ತ ವರ್ಷ. ಮಲ್ಕಪ್ಪ ಕಾಣೆಯಾದದ್ದೂ ಅದೇ ವರ್ಷ.

ಇದು ಸುಳ್ಳು, ನಿನಗೆ ಹುಚ್ಚು ಎಂದು ಬೈದು ಬರೆ, ನಂಬುತ್ತೇನೆ. ಆದರೆ ಗೊತ್ತಿದ್ದರೆ ಈಗಲೇ ಹೇಳು. ಪೊಲೀಸರಿಂದ ತಿಳಿದರೆ ನಾನು ತಡೆದುಕೊಳ್ಳಲಾರೆ.

ಮೋನಮ್ಮ


ವನದುರ್ಗ
೭ ಫೆಬ್ರವರಿ ೧೯೯೮

ಮಗಳೇ,

ಅದು ಮಲ್ಕಪ್ಪ.

ಆ ಎಲುಬು ಹೊಂಡದಿಂದ ಮೇಲೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಅವನನ್ನು ಇಟ್ಟ ಜಾಗ ಇನ್ನೂ ನಾಲ್ಕು ಮೊಳ ಆಚೆ ಎಂದು ನನ್ನ ನೆನಪು. ಆದರೆ ಬೂದಿ ಸರಿಯುತ್ತದೆ, ನೆನಪೂ ಸರಿಯುತ್ತದೆ. ನಿನ್ನ ಯಂತ್ರವೇ ಹೇಳಿದ ಮೇಲೆ ಇನ್ನು ಮುಚ್ಚಿಟ್ಟು ಏನು ಮಾಡಲಿ. ನಾನು ಈ ನೌಕರಿ ಹಿಡಿದದ್ದೇ ಆ ಬದಿಯನ್ನು ಕಾಯಲಿಕ್ಕೆ.

ಎಂಬತ್ನಾಲ್ಕರ ಏಪ್ರಿಲ್. ದೊಡ್ಡ ಕಾಲುವೆಗೆ ಬಂಡೆ ಒಡೆಯುವ ಕೆಲಸ ನಡೆದಿತ್ತು. ನಾನು ಕಂತ್ರಾಟುದಾರನ ಹಾಜರಿ ಗುಮಾಸ್ತ. ಬೆಳಿಗ್ಗೆ ಹೆಸರು ಕೂಗಿ ಬರೆಯುವುದು. ಮಧ್ಯಾಹ್ನ ಮದ್ದು ಹಾರಿಸುವ ಮುಂಚೆ ಅದೇ ಪುಸ್ತಕ ಹಿಡಿದು, ಬರೆದಷ್ಟು ಮಂದಿ ಮೇಲೆ ಬಂದರೇ ಎಂದು ಎಣಿಸಿ ಬಾವುಟ ಬೀಸುವುದು. ನಾನು ಬಾವುಟ ಬೀಸಿದರೆ ಮದ್ದಿನವನು ಬತ್ತಿ ಹಚ್ಚುತ್ತಿದ್ದ.

ಆ ದಿನ ಮಲ್ಕಪ್ಪ ಒಂದು ತಾಸು ತಡವಾಗಿ ಬಂದ, ಉಳಿದವರು ಆಗಲೇ ಕೆಳಗಿಳಿದಿದ್ದರು. ಸಾಯಬಮ್ಮನಿಗೆ ಜ್ವರ, ಅವಳಿಗೆ ಗಂಜಿ ಮಾಡಿಟ್ಟು ಬಂದೆ ಎಂದ. ಹಿಂದಿನ ದಿನ ಎಲ್ಲರ ಮುಂದೆ ಅವನು ನನ್ನನ್ನು ಗೇಲಿ ಮಾಡಿದ್ದ, ಆ ಸಿಟ್ಟು ನನ್ನ ಹೊಟ್ಟೆಯಲ್ಲಿತ್ತು. ಅವನ ಹೆಸರಿನ ಮುಂದೆ ಗೈರು ಎಂದು ಬರೆದಿದ್ದೆ, ತಿದ್ದಲಿಲ್ಲ. ‘ಗೈರು ಅಂದ್ರ ಗೈರು. ಮನೀಗೆ ಹೋಗು’ ಎಂದೆ. ಅವನು ಮನೆಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಮನಸ್ಸು ಕರಗಿ ನಾನು ಅರ್ಧ ದಿನವಾದರೂ ಬರೆದೇನು ಎಂಬ ಆಸೆಯಿಂದ ಅವನು ಆಚೆ ತುದಿಗೆ ಇಳಿದು ಒಬ್ಬನೇ ಕಲ್ಲು ಹೊರುತ್ತಿದ್ದ. ನಾನು ನೋಡಲಿಲ್ಲ. ನೋಡಿದ್ದರೂ ಸಿಟ್ಟಿಗೆ ನೋಡದಂತೆ ಇರುತ್ತಿದ್ದೆನೋ ಏನೋ. ಪುಸ್ತಕದಲ್ಲಿ ಹಾಜರಿ ಬಿದ್ದ ಅರವತ್ತೆರಡು ಹೆಸರು, ದಂಡೆಯ ಮೇಲೆ ಅರವತ್ತೆರಡು ತಲೆ. ಲೆಕ್ಕ ಕೂಡಿತು. ಬಾವುಟ ಬೀಸಿದೆ.

ಹೊಗೆ ಇಳಿದ ಮೇಲೆ ನಾನೂ ಮದ್ದಿನ ಅಮಾತೆಪ್ಪನೂ ಮೊದಲು ಕೆಳಗಿಳಿದೆವು. ಅಮಾತೆಪ್ಪನೂ ಈಗಿಲ್ಲ. ನಾವು ಕಂಡದ್ದನ್ನು ಬರೆಯಲಾರೆ. ಕಂತ್ರಾಟುದಾರನ ಮನುಷ್ಯ ಬಂದು ನೋಡಿದ, ಉಳಿದ ಆಳುಗಳನ್ನು ರಜೆ ಎಂದು ಹೇಳಿ ಆಚೆಯಿಂದಲೇ ಮನೆಗೆ ಕಳಿಸಿದ. ಆಮೇಲೆ ನನ್ನ ಪುಸ್ತಕ ಇಸಿದುಕೊಂಡು ಆ ಗೆರೆಯ ಮೇಲೆ ಬೆರಳಿಟ್ಟ. ‘ಪುಸ್ತಕದಾಗ ಇವ ಬಂದೇ ಇಲ್ಲಲ್ಲೋ. ಬರದಾಂವ ಸಾಯೂದು ಹೆಂಗ?’ ಎಂದ. ಬಾಯಿ ಬಿಟ್ಟರೆ ಜೈಲಿಗೆ ಹೋಗುವವನು ಬಾವುಟ ಬೀಸಿದವನು ಎಂದೂ ಹೇಳಿದ. ನಿನ್ನ ಅವ್ವ ಆಗ ಹಾಸಿಗೆ ಹಿಡಿದಿದ್ದಳು. ನೀನು ಹನ್ನೊಂದು ವರ್ಷದವಳು. ನಾನು ಅಂಜಿದೆ. ಹಾಡುಹಗಲು ಎರಡು ಗಂಟೆಯ ಬಿಸಿಲಿನಲ್ಲಿ ಗೋಣಿ ಸುತ್ತಿ ದಿಬ್ಬದ ಪಡುವಣ ಬದಿಗೆ ಇಟ್ಟು ಬಂದೆವು. ಬೂದಿ ಮೆತ್ತಗಿತ್ತು, ಬೇಗ ಅಗೆಯಲಿಕ್ಕೆ ಬಂತು.

ಮರುದಿನ ಸಾಯಬಮ್ಮ ಜ್ವರದಲ್ಲೇ ನಡೆದು ಬಂದಳು. ನಾನು ಪುಸ್ತಕ ತೆರೆದು ತೋರಿಸಿದೆ. ‘ನೋಡು ತಂಗಿ, ನಿನ್ನೆ ಅವ ಕೆಲಸಕ್ಕ ಬಂದೇ ಇಲ್ಲ’ ಎಂದೆ. ಓದು ಬಾರದ ಹೆಣ್ಣುಮಗಳು, ನಾನು ತೋರಿಸಿದ ಅಕ್ಷರದ ಮೇಲೆ ಬೆರಳಾಡಿಸಿ ನಂಬಿದಳು. ಊರು ಓಡಿಹೋದ ಎಂದಿತು. ಆ ಮಳೆಗಾಲ ನಿನ್ನ ಅವ್ವ ಹೋದಳು. ಸಾಯಬಮ್ಮ ಕರೆಯದೆ ಬಂದು ನಿನ್ನ ತಲೆ ಬಾಚಿದಳು. ಅವಳು ನನ್ನನ್ನು ಅಣ್ಣಾ ಎಂದಾಗಲೆಲ್ಲ ನನಗೆ ಏನಾಗುತ್ತಿತ್ತೆಂದು ನಿನಗೆ ಹೇಗೆ ತಿಳಿಸಲಿ.

ಮನುಷ್ಯನನ್ನು ಹೂತವನು ನಾನು. ಸುಳ್ಳು ಬರೆದವನೂ ನಾನೇ. ಪೊಲೀಸರಿಗೆ ಅಂಜುತ್ತೇನೆ. ಅದಕ್ಕಿಂತ ಹೆಚ್ಚು ನಿನ್ನ ಮುಂದಿನ ಪತ್ರಕ್ಕೆ ಅಂಜುತ್ತೇನೆ.

ನಿನ್ನ ಅಪ್ಪ ಎಂದು ಬರೆಯಲಿಕ್ಕೂ ಕೈ ಏಳುತ್ತಿಲ್ಲ.
ಚಂದ್ರಾಮಪ್ಪ


ಪುಣೆ
೧೦ ಫೆಬ್ರವರಿ ೧೯೯೮

ನನ್ನ ಜಾಣ ಅಪ್ಪಾ,

ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಓದು. ಏನೂ ಇಲ್ಲ! ಎಲುಬು ಹಳೆಯದು. ಮೂರು ಸಾವಿರ ವರ್ಷಕ್ಕೆ ಕಡಿಮೆ ಇರಲಾರದು ಎನ್ನುತ್ತಾರೆ ಮೇಡಂ.

ನಿನ್ನೆ ಎರಡನೆಯ ಪರೀಕ್ಷೆಗೆಂದು ಎಲುಬಿನ ಒಳಗಿನಿಂದ ಕೊರೆದು ತೆಗೆದೆ. ಒಳಗೆ ಸತ್ವವೇ ಇಲ್ಲ, ಬರೀ ಕಲ್ಲು. ಮೇಲೆ ಅಷ್ಟೊಂದು, ಒಳಗೆ ಸೊನ್ನೆ, ಇದೇನು ವಿಚಿತ್ರ ಎಂದು ಮೇಡಂ ಎಲುಬನ್ನೇ ಬೆಚ್ಚನೆಯ ನೀರಿನಲ್ಲಿ ಇಡಿಸಿದರು. ಅರ್ಧ ತಾಸಿನಲ್ಲಿ ಎಲುಬು ನಡುವೆ ಬಿಟ್ಟುಕೊಂಡು ಎರಡು ತುಂಡಾಯಿತು. ನೀರಿನಿಂದ ಒಂದು ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನೊಬ್ಬಳು ನಕ್ಕೆ. ನಮ್ಮ ಅಡುಗೆಮನೆಯ ವಾಸನೆ ನನಗೆ ಗೊತ್ತಿಲ್ಲವೇ?

ಸರೇಸು! ನೀನು ಆ ಎಲುಬನ್ನು ಕೆಡವಿ ಮುರಿದಿದ್ದೀ, ಸಾಹೇಬರಿಗೆ ಅಂಜಿ ಗುಟ್ಟಾಗಿ ಸರೇಸು ಹಚ್ಚಿ ಕೂಡಿಸಿದ್ದೀ, ಗಟ್ಟಿಯಾಗಲೆಂದು ಮೇಲೆಲ್ಲ ಸವರಿ ಬೂದಿ ಉದುರಿಸಿದ್ದೀ. ಹೌದೋ ಅಲ್ಲವೋ? ಚರ್ಮ, ಎಲುಬು ಕುದಿಸಿ ಮಾಡುವ ಸರೇಸು ಎಂದರೆ ಅದೇ ಕೊಲಾಜೆನ್. ಯಂತ್ರಕ್ಕೆ ಎರಡೂ ಒಂದೇ. ನಾವು ಒಂದು ತಿಂಗಳಿಂದ ಎಲುಬು ಪರೀಕ್ಷೆ ಮಾಡಲೇ ಇಲ್ಲ, ನಿನ್ನ ಅಂಟು ಪರೀಕ್ಷೆ ಮಾಡುತ್ತಿದ್ದೆವು. ಮೇಡಂ ಮೊದಲು ಸಿಟ್ಟಾದರು. ಆಮೇಲೆ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇಷ್ಟು ಚೆಂದ ಕೂಡಿಸುವ ಕೈ ನಮ್ಮಲ್ಲಿ ಒಬ್ಬರಿಗೂ ಇಲ್ಲ ಎಂದರು. ಪೊಲೀಸರಿಗೆ ಪತ್ರ ಇಲ್ಲ, ಏನಿಲ್ಲ.

ಹೋದ ಪತ್ರದಲ್ಲಿ ನಾನು ಏನೇನೋ ಬರೆದೆ. ಹುತ್ತ, ಮಲ್ಕಪ್ಪ, ಅವ್ವ ಸತ್ತ ವರ್ಷ. ಹೆದರಿಕೆಗೆ ತಲೆ ಕೆಟ್ಟಿತ್ತು ಅಪ್ಪಾ. ಹೆತ್ತ ಅಪ್ಪನ ಮೇಲೆ ಎಂಥ ಅನುಮಾನ ಪಟ್ಟೆ ಎಂದು ನಾಚಿಕೆಯಾಗುತ್ತಿದೆ. ಹೊಟ್ಟೆಗೆ ಹಾಕಿಕೋ. ಯುಗಾದಿಗೆ ಬಂದು ಕಾಲಿಗೆ ಬೀಳುತ್ತೇನೆ.

ನಿನ್ನ ಮೂರ್ಖ ಮಗಳು
ಮೋನಮ್ಮ


ವನದುರ್ಗ
೧೫ ಫೆಬ್ರವರಿ ೧೯೯೮

ಮಗಳೇ,

ನಿನ್ನ ಹತ್ತನೆಯ ತಾರೀಖಿನ ಪತ್ರ ಇವತ್ತು ಬಂತು. ನನ್ನ ಏಳನೆಯ ತಾರೀಖಿನದು ನಿನಗೆ ಮುಟ್ಟುವ ಮೊದಲೇ ನೀನು ಇದನ್ನು ಬರೆದಿದ್ದೀ. ಈಗ ಅದು ಮುಟ್ಟಿರಬೇಕು. ಮುಟ್ಟಿರದಿದ್ದರೆ ಒಡೆಯಬೇಡ. ಒಡೆದಿದ್ದರೆ ಸುಟ್ಟುಬಿಡು.

ಎಲುಬು ನನ್ನ ಕೈಜಾರಿ ಬಿದ್ದದ್ದು ನಿಜ. ಪಡುವಣದ್ದು ಎಂದು ತಿಳಿದ ಗಳಿಗೆಯಲ್ಲೇ ಬಿತ್ತು. ಮುರಿದದ್ದು ಕಂಡರೆ ಸಾಹೇಬರು ನೌಕರಿಯಿಂದ ತೆಗೆದಾರು, ತೆಗೆದರೆ ಆ ಬದಿ ಕಾಯುವವರಾರು ಎಂದು ಸರೇಸು ಹಚ್ಚಿದೆ. ಅದೊಂದು ಸಣ್ಣ ತಪ್ಪು ಹೇಳಿಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ನಾನೇ ಹೆಗಲು ಮುಟ್ಟಿಕೊಂಡೆ.

ಮೋನಮ್ಮ, ಹೊಂಡ ಮುಚ್ಚುತ್ತಿದ್ದಾರೆ. ಸಾಹೇಬರು ಮುಂದಿನ ವಾರ ಡೇರೆ ಕೀಳುತ್ತಾರೆ. ಆಮೇಲೆ ಮರಿಗಾಲುವೆಯ ಒಡ್ಡು ಆ ಜಾಗದ ಮೇಲೆ ಬೀಳುತ್ತದೆ, ನೀರು ಹರಿಯುತ್ತದೆ. ಇನ್ನು ಯಾರಿಗೂ ತಿಳಿಯುವುದಿಲ್ಲ. ಸಾಯಬಮ್ಮ ಇಷ್ಟು ವರ್ಷ ಹೇಗಿದ್ದಳೋ ಹಾಗೇ ಇರಲಿ. ಗಂಡ ಎಲ್ಲೋ ಬದುಕಿದ್ದಾನೆ ಎಂಬುದೂ ಒಂದು ಆಸರೆಯೇ. ಅದನ್ನು ಕಿತ್ತುಕೊಂಡು ನಾವು ಏನು ಕೊಡುತ್ತೇವೆ?

ನಿನ್ನ ಕಾಲಿಗೆ ಬೀಳುತ್ತೇನೆ, ಸುಟ್ಟುಬಿಡು.

ಅಪ್ಪ


ಪುಣೆ
೧೯ ಫೆಬ್ರವರಿ ೧೯೯೮

ಚಂದ್ರಾಮಪ್ಪನವರಿಗೆ,

ನಿಮ್ಮ ಏಳನೆಯ ತಾರೀಖಿನ ಪತ್ರ ಹನ್ನೆರಡಕ್ಕೆ ಮುಟ್ಟಿತು. ಸುಟ್ಟಿಲ್ಲ.

ಏಳು ದಿನ ಉತ್ತರ ಬರೆಯಲು ಕೂತು ಎದ್ದೆ. ನಿಮ್ಮನ್ನು ದ್ವೇಷಿಸಲು ಆಗುತ್ತಿಲ್ಲ, ನಿಮ್ಮ ಪರ ವಹಿಸಲೂ ಆಗುತ್ತಿಲ್ಲ. ಚಿಗವ್ವನಿಗೆ ಆಸರೆ ಇದೆ ಎಂದು ಬರೆದಿದ್ದೀರಿ. ಅವಳು ನನ್ನ ತಲೆ ಬಾಚುವಾಗ ಎಷ್ಟು ಸಲ ಕೇಳುತ್ತಿದ್ದಳು ಗೊತ್ತೇ, ‘ನನ್ನಾಗ ಏನ್ ಕಮ್ಮಿ ಇತ್ತಂತ ಹೋದ್ನವ್ವಾ ಅವ?’ ಎಂದು. ಹನ್ನೊಂದು ವರ್ಷದ ನನಗೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಉತ್ತರ ಗೊತ್ತಿದ್ದವರು ಗೋಡೆಯ ಈಚೆ ಕೂತಿದ್ದಿರಿ.

ಒಡ್ಡು ಬೀಳುವ ಮೊದಲು ಅವಳಿಗೆ ಹೇಳಿ. ನಿಮ್ಮ ಬಾಯಿಂದಲೇ ಹೇಳಬೇಕು. ಆಮೇಲೆ ಸಾಹೇಬರಿಗೂ ಹೇಳಿ, ಪಡುವಣ ಬದಿ ಅಗೆದು ಅವನನ್ನು ಅವಳ ಕೈಗೆ ಕೊಡಲಿ. ನಾನು ಇಪ್ಪತ್ತೇಳರ ಬೆಳಿಗ್ಗೆ ಯಾದಗಿರಿಯಲ್ಲಿ ಇಳಿಯುತ್ತೇನೆ, ಪತ್ರ ನನ್ನ ಚೀಲದಲ್ಲಿರುತ್ತದೆ. ನೀವು ಹೇಳಿರದಿದ್ದರೆ ನಾನೇ ಅವಳಿಗೆ ಓದಿ ಹೇಳುತ್ತೇನೆ.

ನನಗೂ ಬಹಳ ಹೆದರಿಕೆ ಇದೆ.

ಮೋನಮ್ಮ


ವನದುರ್ಗ
೨೫ ಫೆಬ್ರವರಿ ೧೯೯೮

ಮೋನಮ್ಮ,

ನೀನು ಬರುವುದರೊಳಗೆ ಈ ಪತ್ರ ಪುಣೆಗೆ ಮುಟ್ಟುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಿಕ್ಕೆ ಆಗುತ್ತಿಲ್ಲ. ಬಂದಾಗ ಕೈಗೆ ಕೊಡುತ್ತೇನೆ, ನಾನು ಇಲ್ಲಿ ಇದ್ದರೆ. ನೀನು ನನಗೆ ‘ನೀವು’ ಎಂದು ಬರೆದದ್ದು ಇದೇ ಮೊದಲು.

ಇವತ್ತು ಮಧ್ಯಾಹ್ನ ಡೇರೆಯ ಮಂದಿಯ ಊಟ ಮುಗಿದ ಮೇಲೆ ಹೇಳಿದೆ. ಸಾಯಬಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹಾಜರಿಯಿಂದ ಸುರುಮಾಡಿ ಬಾವುಟದ ತನಕ, ಗೋಣಿಯಿಂದ ದಿಬ್ಬದ ತನಕ, ಒಂದೂ ಬಿಡದೆ ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ, ಕೈ ಮಾತ್ರ ನಿಂತಿತು. ಎದ್ದು ಹೊಡೆಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ಕಾದೆ. ಬೇಕಾದ್ದು ಮಾಡಲಿ, ಬೇಗ ಮಾಡಲಿ ಅನ್ನಿಸುತ್ತಿತ್ತು.

ಅವಳು ಕೇಳಿದ್ದು ಒಂದೇ. ‘ಅವತ್ತ ಅವ ಕೆಲಸಕ್ಕ ಬಂದಿದ್ನೇನ್ರಿ?’

‘ಬಂದಿದ್ದ’ ಎಂದೆ. ‘ತಾಸು ತಡಾ ಆಗಿತ್ತು.’

‘ನನಗ ಜ್ವರಾ ಬಂದಿತ್ರಿ’ ಎಂದಳು. ಆಮೇಲೆ ನನ್ನ ಮುಖ ನೋಡದೆ, ತನಗೆ ತಾನೇ ಹೇಳಿಕೊಂಡಳು. ‘ಹಂಗಾರ ಅವ ನನ್ನ ಬಿಟ್ಟು ಹೋಗಿದ್ದಿಲ್ಲ.’

ಮೊರ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. ನನ್ನನ್ನು ದಾಟಿ ಓಣಿಗೆ ಹೋದಳು. ನಾನು ನಮ್ಮ ಮನೆಯೊಳಗೆ ಬಂದು ಕೂತೆ.

ಅವಳು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದಾಳೆ ಮೋನಮ್ಮ. ಪ್ರತಿ ಮನೆಯ ಮುಂದೆ ನಿಂತು ಒಳಗಿನವರನ್ನು ಹೊರಗೆ ಕರೆಯುತ್ತಾಳೆ. ಅಳುತ್ತಿಲ್ಲ, ಕೂಗುತ್ತಲೂ ಇಲ್ಲ. ‘ನನ್ನ ಗಂಡ ಓಡಿ ಹೋಗಿದ್ದಿಲ್ರಿ. ಕೆಲಸದಾಗ ಸತ್ತಾನ’ ಎನ್ನುತ್ತಾಳೆ, ಮುಂದಿನ ಮನೆಗೆ ಹೋಗುತ್ತಾಳೆ. ಅವಳ ಬಗ್ಗೆ ಆಡಿಕೊಂಡ ಒಂದು ಮನೆಯನ್ನೂ ಬಿಡಲಿಲ್ಲ. ಎದುರಿನ ಶರೀಫಾಬೀ ಮನೆಯ ಹತ್ತಿರ ಬಂದಾಗ, ನಿನಗ ಯಾರ ಹೇಳಿದ್ರವ್ವ ಎಂದು ಶರೀಫಾಬೀ ಕೇಳಿದ್ದು ನನಗೆ ಇಲ್ಲಿಗೆ ಕೇಳಿಸಿತು. ಸಾಯಬಮ್ಮ ನನ್ನ ಹೆಸರು ಹೇಳಿದಳು.

ಈಗ ಬಹಳ ಮಂದಿ ಒಟ್ಟಿಗೆ ಈ ಕಡೆ ನಡೆದು ಬರುತ್ತಿದ್ದಾರೆ. ಬಾಗಿಲು ಹಾಕಿಲ್ಲ.

ನಿನ್ನ ಅಪ್ಪ
ಚಂದ್ರಾಮಪ್ಪ